ಏಳು ಸತ್ತವು, ಒಂದು ಉಳಿಯಿತು

ಕೈಲ್‌ಪೊಳ್ದ್ ಹಬ್ಬಕ್ಕೆ ಮೂರು ವಾರ ಇರುವಾಗ ಕೊಡಗಿನ ನಾಪೋಕ್ಲುವಿನಲ್ಲಿ, ಹಂದಿ ಸಾಕುವ ನಲವತ್ತೈವತ್ತು ಮಂದಿಯ ಮುಂದೆ ರೋಗ ತಡೆಯುವ ತಳಿಯ ಬಗ್ಗೆ ನಾನು ಆಡಿದ ಮಾತುಗಳಿವು. ಮಳೆ ಬಿಡದೆ ಸುರಿಯುತ್ತಿತ್ತು. ಅರ್ಧ ಮಾತು ತಗಡಿನ ಸದ್ದಿನಲ್ಲಿ ಕೊಚ್ಚಿಹೋಯಿತೆಂದು ಹಿಂದಿನ ಸಾಲಿನವರು ದೂರಿದರು. ಅವರಿಗಾಗಿ ಬರೆದದ್ದು ಇದು. ಅವಸರದಲ್ಲಿ ಹಾರಿಸಿದ್ದನ್ನು ಸೇರಿಸಿದ್ದೇನೆ, ಎರಡು ಬಾರಿ ಹೇಳಿದ್ದನ್ನು ಒಮ್ಮೆಗೆ ಇಳಿಸಿದ್ದೇನೆ.

ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬ ಅಮ್ಮ ನನ್ನನ್ನು ನಿಲ್ಲಿಸಿದರು. ಈಗ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ಅವರು ಕೇಳಿದ್ದು ಇಷ್ಟು: "ಡಾಕ್ಟರೇ, ಹೋದ ವರ್ಷ ನಮ್ಮ ಗೂಡಿನಲ್ಲಿ ಎಂಟು ಹಂದಿಗಳಿದ್ದವು. ಹಂದಿ ಜ್ವರ ಬಂದು ಏಳು ಸತ್ತವು, ಒಂದು ಹೆಣ್ಣು ಉಳಿಯಿತು. ಅದರ ಮೈಯಲ್ಲಿ ಏನೋ ಇದೆ, ಅದರ ಮರಿಗಳಿಗೂ ರೋಗ ತಾಗುವುದಿಲ್ಲ, ಮಾರಬೇಡಿ ಎಂದು ಎಲ್ಲರೂ ಹೇಳುತ್ತಾರೆ. ತಳಿಗೆ ಇಟ್ಟುಕೊಳ್ಳಲೇ?"

ನಾನು ಬರೆದು ತಂದಿದ್ದ ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಅವರ ಪ್ರಶ್ನೆಗೆ ಉತ್ತರ ಹುಡುಕಿದರೆ ಇವತ್ತಿನ ವಿಷಯ ತಾನಾಗಿಯೇ ಮುಗಿಯುತ್ತದೆ. ಅದರ ಮೈಯಲ್ಲಿ ಏನಿರಬಹುದು? ಇದ್ದರೆ ಮರಿಗೆ ಇಳಿಯುತ್ತದೆಯೇ? ಇಳಿದರೆ ಎಷ್ಟು ಕಾಲ ಕಾಪಾಡುತ್ತದೆ?

ಮೊದಲು ಒಂದು ಎಚ್ಚರಿಕೆ. ಉಳಿಯುವುದು ಬೇರೆ, ತಡೆದುಕೊಳ್ಳುವುದು ಬೇರೆ. ಮೂಲೆಯಲ್ಲಿ ಮಲಗಿದ್ದ ಹಂದಿಗೆ ನಂಜು ಕಡಿಮೆ ತಾಗಿರಬಹುದು. ಹಿಂದೆ ಯಾವಾಗಲೋ ಲಸಿಕೆ ಬಿದ್ದಿರಬಹುದು. ಇನ್ನೊಂದು ಸಂಗತಿ ಕೇಳಲು ಹಿತವಲ್ಲ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಹಂದಿ ಜ್ವರದ ವೈರಸ್ ಹೊಕ್ಕ ಮರಿ, ಕೆಲವೊಮ್ಮೆ ಆರೋಗ್ಯವಾಗಿಯೇ ಹುಟ್ಟಿ ತಿಂಗಳುಗಟ್ಟಲೆ ಬದುಕುತ್ತದೆ. ಅದರ ದೇಹ ಆ ವೈರಸ್ಸನ್ನು ತನ್ನದೇ ಎಂದು ತಿಳಿದು ಸುಮ್ಮನಿರುತ್ತದೆ. ಅಷ್ಟೂ ದಿನ ಅದು ನೆರೆಯ ಹಂದಿಗಳಿಗೆ ವೈರಸ್ ಹಂಚುತ್ತಲೇ ಇರುತ್ತದೆ. ಎಲ್ಲವೂ ಸತ್ತು ಒಂದು ಉಳಿದಾಗ, ಉಳಿದದ್ದೇ ಬೆಂಕಿ ಹಚ್ಚಿದ್ದೂ ಆಗಿರಬಹುದು. ಅಮ್ಮ, ನಿಮ್ಮ ಹಂದಿ ಹಾಗೆ ಎಂದು ನಾನು ಹೇಳುತ್ತಿಲ್ಲ. ಒಂದು ಹಂದಿಯನ್ನು ನೋಡಿ ತೀರ್ಪು ಕೊಡಬಾರದು ಎನ್ನುತ್ತಿದ್ದೇನೆ, ಅಷ್ಟೇ.

ಈಗ ವಂಶವಾಹಿಯ ಮಾತು. ರೋಗ ತಡೆಯುವ ತಳಿ ಎಂದರೇನು ಎಂಬುದನ್ನು ಕೊಡಗಿನವರಿಗೆ ಹಂದಿಯಿಂದ ಕಲಿಸಬೇಕಾಗಿಲ್ಲ, ಕಾಫಿ ಆಗಲೇ ಕಲಿಸಿದೆ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನೇ ನೆಲಸಮ ಮಾಡಿತು. ನಮ್ಮ ಕಡೆಗೂ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ತುಕ್ಕಿಗೆ ಬಗ್ಗದ ಗಿಡವನ್ನು ಆರಿಸಿ ಬೆಳೆಸಿದರು, ಅದೇ ಕೆಂಟ್ಸ್. ಜನ ಸಂಭ್ರಮದಿಂದ ನೆಟ್ಟರು. ಕೆಲವು ವರ್ಷಗಳಲ್ಲಿ ತುಕ್ಕು ತನ್ನ ವೇಷ ಬದಲಿಸಿಕೊಂಡು ಕೆಂಟ್ಸ್‌ಗೂ ಹತ್ತಿತು. ಆಮೇಲೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಎಸ್. 795 ಎಂಬ ತಳಿ ಬಂತು, ಅದರ ಕಥೆಯೂ ಹಾಗೆಯೇ ಆದದ್ದು ನಿಮಗೆ ಗೊತ್ತು. ನಿಮ್ಮಲ್ಲಿ ಎಷ್ಟೋ ಮಂದಿ ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ್ದು ಕಾಂಡ ಕೊರಕದ ಕಾಟಕ್ಕಾಗಿ ಮಾತ್ರವಲ್ಲ. ಗಿಡ ಒಂದು ಬೀಗ ಹಾಕಿಕೊಂಡರೆ ರೋಗ ಅದಕ್ಕೊಂದು ಕೀಲಿ ಮಾಡಿಕೊಳ್ಳುತ್ತದೆ ಎಂಬುದನ್ನು ತೋಟದಲ್ಲಿ ಕಣ್ಣಾರೆ ಕಂಡವರು ನೀವು. ಹಂದಿ ಗೂಡಿಗೆ ಬಂದಾಗ ಮಾತ್ರ ಇದನ್ನು ಮರೆಯುತ್ತೀರಿ.

ಹಂದಿಯ ಮೈಯಲ್ಲಿರುವ ಅತ್ಯಂತ ಸರಳವಾದ ತಡೆಯಿಂದ ಶುರು ಮಾಡೋಣ. ನಿಮಗೆಲ್ಲ ಗೊತ್ತಿರುವ ಒಂದು ಸಾವಿದೆ. ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಒಂದೆರಡು ವಾರ ಆಗಿರುತ್ತದೆ. ಗುಂಪಿನಲ್ಲಿ ಎಲ್ಲಕ್ಕಿಂತ ದುಂಡಗೆ ಬೆಳೆದ ಮರಿ ಒಂದು ಬೆಳಿಗ್ಗೆ ರೆಪ್ಪೆ ಊದಿಕೊಂಡು, ಕುಡಿದವರಂತೆ ತೂರಾಡಿ, ಸಂಜೆಯೊಳಗೆ ಸತ್ತಿರುತ್ತದೆ. ಬಡಕಲು ಮರಿ ಮಾತ್ರ ಬದುಕಿರುತ್ತದೆ. ಯಾರದೋ ದೃಷ್ಟಿ ತಾಗಿತು ಎನ್ನುತ್ತೀರಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನೆಯಲ್ಲಿ ಗೂಡಿನ ಬಾಗಿಲಿಗೆ ಹಳೆಯ ಚಪ್ಪಲಿ ಕಟ್ಟಿದ್ದನ್ನು ಕಂಡು ನಕ್ಕಿದ್ದೆ. ಆದರೆ ಆ ಮನೆಯವರ ಗಮನ ಸರಿಯಾಗಿತ್ತು, ಕಾರಣ ಮಾತ್ರ ತಪ್ಪಿತ್ತು. ಇದು ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಒಂದು ಬಗೆಯಿಂದ ಬರುವ ಬಾವು ರೋಗ. ಚೆನ್ನಾಗಿ ತಿನ್ನುವ ಮರಿಯ ಕರುಳಿನಲ್ಲಿ ಅದು ಚೆನ್ನಾಗಿಯೇ ಬೆಳೆಯುತ್ತದೆ.

ಈ ಬ್ಯಾಕ್ಟೀರಿಯಾಕ್ಕೆ ಎಫ್18 ಎಂಬ ಹೆಸರಿನ ಸಣ್ಣ ಎಳೆಗಳಿವೆ. ಆ ಎಳೆಗಳಿಂದ ಕರುಳಿನ ಗೋಡೆಯನ್ನು ಹಿಡಿದುಕೊಂಡರೆ ಮಾತ್ರ ಅದರ ಆಟ ನಡೆಯುತ್ತದೆ. ಹಿಡಿಯಲು ಗೋಡೆಯ ಮೇಲೆ ಒಂದು ಬಗೆಯ ಸಕ್ಕರೆಯ ತುದಿ ಬೇಕು. ಆ ತುದಿಯನ್ನು ಅಂಟಿಸುವ ಕೆಲಸ ಎಫ್‌ಯುಟಿ1 ಎಂಬ ವಂಶವಾಹಿಯದು. ಅದರ ಡಿಎನ್‌ಎ ಬರಹದಲ್ಲಿ 307ನೆಯ ಅಕ್ಷರ 'ಜಿ' ಇರುವ ಕಡೆ 'ಎ' ಬಂದರೆ ಅಂಟಿಸುವ ಕೆಲಸ ಕರುಳಿನಲ್ಲಿ ನಿಂತುಹೋಗುತ್ತದೆ. ಅಪ್ಪನಿಂದಲೂ ಅಮ್ಮನಿಂದಲೂ 'ಎ' ಪಡೆದ ಮರಿಯ ಕರುಳಿನಲ್ಲಿ ಬ್ಯಾಕ್ಟೀರಿಯಾಕ್ಕೆ ಹಿಡಿಕೆಯೇ ಇಲ್ಲ. ಮೇವಿನ ಜೊತೆ ಬಂದು ಸಗಣಿಯ ಜೊತೆ ಹೋಗುತ್ತದೆ. ಅಷ್ಟು ದೊಡ್ಡ ಗ್ರಂಥದಲ್ಲಿ ಒಂದೇ ಒಂದು ಅಕ್ಷರ! ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಇದನ್ನು ಪತ್ತೆ ಹಚ್ಚಿದ ಮೇಲೆ ಯುರೋಪಿನ ತಳಿಗಾರರು ಕಿವಿಯ ಚೂರು ಅಥವಾ ಕೂದಲಿನಿಂದ ಪರೀಕ್ಷಿಸಿ ಗಂಡುಗಳನ್ನು ಆರಿಸತೊಡಗಿದರು.

ಇಲ್ಲೊಂದು ತಮಾಷೆಯಿದೆ. ನಾಟಿ ಹಂದಿ ಎಂದರೆ ಎಲ್ಲ ರೋಗಕ್ಕೂ ಗಟ್ಟಿ ಎಂದು ನಾವು ನಂಬಿದ್ದೇವೆ. ಆದರೆ ಈ 'ಎ' ಅಕ್ಷರ ಹೆಚ್ಚಾಗಿ ಸಿಗುವುದು ಯುರೋಪಿನ ಬಿಳಿ ತಳಿಗಳಲ್ಲಿ. ಚೀನಾದ ದೇಸಿ ತಳಿಗಳಲ್ಲಿ ಹುಡುಕಿದರೆ ಅದು ಇಲ್ಲವೆನ್ನುವಷ್ಟು ಅಪರೂಪ. ಗಟ್ಟಿತನ ಎಂಬುದು ಇಡೀ ಮೈಗೆ ಹೊದಿಸಿದ ಒಂದೇ ಕಂಬಳಿಯಲ್ಲ. ಒಂದು ರೋಗಕ್ಕೆ ಗಟ್ಟಿಯಾದದ್ದು ಇನ್ನೊಂದಕ್ಕೆ ಮೆತ್ತಗಿರುತ್ತದೆ.

ಇದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆ ಎಫ್4. ಅದು ಆಗಷ್ಟೇ ಹುಟ್ಟಿದ ಮರಿಗೇ ಭೇದಿ ತರುತ್ತದೆ. ಅದಕ್ಕೂ ಹಿಡಿಕೆ ಇಲ್ಲದ ಹಂದಿಗಳಿವೆ. ವಂಶವಾಹಿಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳ ಪೈಕಿ 13ನೆಯದರ ಒಂದು ಗುರುತನ್ನು ನೋಡಿ ಡೆನ್ಮಾರ್ಕಿನವರು ಅಂಥವನ್ನು ಆರಿಸಿದರು. ಈ ಎಫ್4ನಲ್ಲಿ ಒಂದು ಪಾಠವಿದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಂದಿಯ ಬಸಿರಿನಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು ಮರಿಗೆ ದಾಟುವುದಿಲ್ಲ. ಮನುಷ್ಯರಲ್ಲಿ ದಾಟುತ್ತವೆ, ಹಂದಿಯಲ್ಲಿ ಇಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಮೊದಲ ದಿನದ ಗಿಣ್ಣು ಹಾಲಿನಲ್ಲಿ ಬಂದದ್ದೇ ಅದರ ಆಸ್ತಿ. ಒಂದು ದಿನ ಕಳೆದರೆ ಕರುಳು ಆ ಪ್ರತಿಕಾಯಗಳನ್ನು ಒಳಗೆ ಬಿಡುವುದಿಲ್ಲ. ಈಗ ನೋಡಿ: ತಾಯಿಯ ಕರುಳಿನಲ್ಲಿ ಹಿಡಿಕೆ ಇಲ್ಲದಿದ್ದರೆ ಆ ಬ್ಯಾಕ್ಟೀರಿಯಾ ಅವಳಿಗೆ ಎಂದೂ ಅಂಟುವುದಿಲ್ಲ. ಅಂಟದ್ದರ ವಿರುದ್ಧ ಅವಳ ಹಾಲಿನಲ್ಲಿ ಮದ್ದೂ ಇರುವುದಿಲ್ಲ. ಅಂಥ ತಾಯಿಗೆ ಹಿಡಿಕೆ ಇರುವ ಗಂಡನ್ನು ಕೂಡಿಸಿದಿರೋ, ಮರಿಗಳಿಗೆ ಅಪ್ಪನ ಕರುಳು, ಅಮ್ಮನ ಖಾಲಿ ಹಾಲು. ಗಟ್ಟಿ ತಾಯಿಯ ಮರಿಗಳೇ ಹೆಚ್ಚು ಸಾಯುತ್ತವೆ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲೇ ಇದನ್ನು ಕಂಡುಕೊಂಡರು. ಹೆಣ್ಣನ್ನು ಮಾತ್ರ ನೋಡಿ ತಳಿ ಆರಿಸುವವರು, ಅಮ್ಮ, ಇದನ್ನು ನೆನಪಿಡಬೇಕು.

ಹಿಡಿಕೆ ಇಲ್ಲದ ಗೋಡೆಯಂತೆ ಬಾಗಿಲೇ ಇಲ್ಲದ ಮನೆಯೂ ಇದೆ. ಹಂದಿಗಳಲ್ಲಿ ಗರ್ಭ ಇಳಿಸುವ, ಮರಿಗಳಿಗೆ ಉಸಿರಾಟದ ತೊಂದರೆ ತರುವ ಪಿಆರ್‌ಆರ್‌ಎಸ್ ಎಂಬ ರೋಗವಿದೆ. ಭಾರತದಲ್ಲಿ ಅದು ಮೊದಲು ಕಂಡದ್ದು 2013ರಲ್ಲಿ, ಮಿಜೋರಾಂನಲ್ಲಿ. ಅದರ ವೈರಸ್ ಬಿಳಿ ರಕ್ತಕಣಗಳ ಪೈಕಿ ಕಸ ನುಂಗುವ ಕಣಗಳೊಳಗೆ ಹೊಗುವುದು ಸಿಡಿ163 ಎಂಬ ಬಾಗಿಲಿನಿಂದ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರು ಆ ವಂಶವಾಹಿಯನ್ನೇ ಕತ್ತರಿಸಿದ ಹಂದಿಗಳನ್ನು ಹುಟ್ಟಿಸಿ, ರೋಗಿಷ್ಠ ಹಂದಿಗಳ ಜೊತೆ ಒಂದೇ ಗೂಡಿನಲ್ಲಿ ಕೂಡಿಹಾಕಿದರು. ಅವಕ್ಕೆ ಏನೂ ಆಗಲಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದವರು ಇನ್ನೂ ನಾಜೂಕಾಗಿ, ಇಡೀ ಬಾಗಿಲನ್ನು ಕೀಳದೆ ವೈರಸ್ ಹಿಡಿಯುವ ಒಂದು ತುಂಡನ್ನು ಮಾತ್ರ ತೆಗೆದು ಅದೇ ಫಲ ಕಂಡರು. ಬಾಗಿಲಿನ ಉಳಿದ ಭಾಗಕ್ಕೆ ರಕ್ತದ ಕಸ ಗುಡಿಸುವ ಬೇರೆ ಕೆಲಸವಿದೆ, ಅದು ಕೆಡಲಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರ ಇಂಥ ಹಂದಿಯ ಮಾಂಸಕ್ಕೆ ಒಪ್ಪಿಗೆ ಕೊಟ್ಟಿದೆ. ನಮ್ಮ ಪಂದಿ ಕರಿಗೆ ಅದು ಬರುವ ದಿನ ದೂರವಿದೆ. ಬಂದಾಗ ಕಾಚಂಪುಳಿಯ ಹುಳಿ ಹಾಕಿದರೆ ವ್ಯತ್ಯಾಸ ತಿಳಿಯಲಾರದು ಎಂಬುದು ನನ್ನ ಊಹೆ.

ಆದರೆ ಹಿಡಿಕೆ ಇಲ್ಲದ ಗೋಡೆ, ಬಾಗಿಲಿಲ್ಲದ ಮನೆ ಇವೆಲ್ಲ ಅಪರೂಪ. ಹೆಚ್ಚಿನ ರೋಗಗಳು ಒಳಗೆ ಬಂದೇ ಬರುತ್ತವೆ. ಬಂದ ಮೇಲೆ ಗುರುತು ಹಿಡಿಯುವುದು ಹೇಗೆ ಎಂಬುದು ನಿಜವಾದ ಪ್ರಶ್ನೆ. ಇವತ್ತು ನೀವು ಮನೆಗೆ ಒಂದೇ ವಿಷಯ ಒಯ್ಯುವುದಾದರೆ ಇದನ್ನು ಒಯ್ಯಿರಿ.

ಕಾಫಿ ಕ್ಯೂರಿಂಗ್ ಮಾಡುವಲ್ಲಿ ಜರಡಿಗಳನ್ನು ನೋಡಿದ್ದೀರಿ. ಒಂದೊಂದು ಜರಡಿಯ ತೂತಿಗೆ ಒಂದೊಂದು ಅಳತೆ. ಎ ದರ್ಜೆಯ ಬೇಳೆ ಒಂದರಲ್ಲಿ ನಿಲ್ಲುತ್ತದೆ, ಬಿ ಇನ್ನೊಂದರಲ್ಲಿ, ದುಂಡಗಿನ ಪಿಬಿ ಬೇಳೆಗೆ ಬೇರೆ ಆಕಾರದ ತೂತು. ಹಂದಿಯ ಹೆಚ್ಚುಕಡಿಮೆ ಪ್ರತಿ ಜೀವಕೋಶದ ಮೈಮೇಲೂ ಇಂಥ ಜರಡಿಗಳಿವೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಒಳಗೆ ವೈರಸ್ ಹೊಕ್ಕಿದ್ದರೆ ಜೀವಕೋಶ ಅದರ ಪ್ರೋಟೀನನ್ನು ಎಂಟು ಹತ್ತು ಮಣಿಗಳ ಚೂರುಗಳಾಗಿ ಕತ್ತರಿಸಿ, ಜರಡಿಯಲ್ಲಿ ನಿಂತದ್ದನ್ನು ಹೊರಗೆ ಹಿಡಿದು ತೋರಿಸುತ್ತದೆ. ಗಸ್ತು ತಿರುಗುವ, ಟಿ ಕಣಗಳೆಂಬ ಬಿಳಿ ರಕ್ತಕಣಗಳು ಆ ಚೂರನ್ನು ನೋಡಿ, ಇದು ನಮ್ಮದಲ್ಲ ಎಂದು ಗುರುತಿಸಿ, ಆ ಕೋಶವನ್ನೇ ಕೊಲ್ಲುತ್ತವೆ. ಜರಡಿಯಲ್ಲಿ ನಿಲ್ಲದೆ ಜಾರಿದ ಚೂರು ಟಿ ಕಣದ ಕಣ್ಣಿಗೆ ಬೀಳುವುದೇ ಇಲ್ಲ. ಜರಡಿಯ ಮೂಲಕ ತೋರಿಸಿದರೆ ಮಾತ್ರ ಟಿ ಕಣ ನೋಡುತ್ತದೆ ಎಂಬುದನ್ನು 1970ರ ದಶಕದಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟವರು ಇಬ್ಬರು, ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೋಹರ್ಟಿ. 1996ರಲ್ಲಿ ಅದಕ್ಕೆ ನೊಬೆಲ್ ಬಂತು. ಈ ಡೋಹರ್ಟಿ ಓದಿದ್ದು ಪಶುವೈದ್ಯ. ನಮ್ಮ ಕಸುಬಿನವನೊಬ್ಬ ಅಲ್ಲಿವರೆಗೆ ಹೋದ ಎಂದು ಹೇಳಿಕೊಳ್ಳುವ ಸಂದರ್ಭ ನನಗೆ ಪದೇ ಪದೇ ಸಿಗುವುದಿಲ್ಲ, ಆದ್ದರಿಂದ ಹೇಳಿದೆ.

ಈ ಜರಡಿಗಳನ್ನು ನೇಯುವ ವಂಶವಾಹಿಗಳ ಗೊಂಚಲನ್ನು ಹಂದಿಯಲ್ಲಿ ಎಸ್‌ಎಲ್‌ಎ ಎಂದು ಕರೆಯುತ್ತಾರೆ. ಹಂದಿಗೆ 38 ವರ್ಣತಂತುಗಳು, ಅಂದರೆ 19 ಜೋಡಿ. ಈ ಗೊಂಚಲು ಇರುವುದು ಏಳನೆಯ ಜೋಡಿಯಲ್ಲಿ, ವರ್ಣತಂತುವಿನ ನಡುಗಂಟಿನ ಎರಡೂ ಬದಿಗೆ ಚಾಚಿಕೊಂಡು. ಹಂದಿಯ ಮೈಯಲ್ಲಿ ಹಂದಿಯಿಂದ ಹಂದಿಗೆ ಅತಿ ಹೆಚ್ಚು ಬದಲಾಗುವ ವಂಶವಾಹಿಗಳಲ್ಲಿ ಇವೂ ಸೇರಿವೆ. ಏಕೆ ಇಷ್ಟು ಬಗೆ? ಒಂದೇ ಬಗೆಯ ಜರಡಿ ಎಲ್ಲ ಹಂದಿಗಳಲ್ಲೂ ಇದ್ದರೆ, ಅದರಲ್ಲಿ ಜಾರಿಹೋಗುವ ವೈರಸ್ ಒಂದು ಹುಟ್ಟಿದ ದಿನ ಇಡೀ ಹಿಂಡು ಹೋಗುತ್ತದೆ. ಕೆಂಟ್ಸ್ ತೋಟದಂತೆ. ಬಗೆಬಗೆಯ ಜರಡಿಗಳಿದ್ದರೆ ಈ ಹಂದಿಯಲ್ಲಿ ಜಾರಿದ್ದು ಆ ಹಂದಿಯಲ್ಲಿ ಸಿಕ್ಕಿಬೀಳುತ್ತದೆ. ಒಂದೊಂದು ಹಂದಿಗೂ ಅಪ್ಪನ ಕಡೆಯ ಒಂದು ಕಟ್ಟು, ಅಮ್ಮನ ಕಡೆಯ ಒಂದು ಕಟ್ಟು ಜರಡಿ ಸಿಗುತ್ತದೆ. ಎರಡು ಕಟ್ಟೂ ಬೇರೆಯಾದರೆ ಅದು ಹೆಚ್ಚು ಬಗೆಯ ಚೂರುಗಳನ್ನು ಹಿಡಿಯಬಲ್ಲದು. ಎರಡೂ ಒಂದೇ ಆದರೆ ಒಮ್ಮೆ ಜಾರಿದ್ದು ಎರಡನೆಯ ಸಲವೂ ಜಾರುತ್ತದೆ.

ಎರಡೂ ಒಂದೇ ಆಗುವುದು ಯಾವಾಗ? ಒಂದೇ ರಕ್ತದಲ್ಲಿ ಕೂಡಿಸಿದಾಗ. ಕೊಡವರಲ್ಲಿ ಒಕ್ಕದೊಳಗೆ ಮದುವೆ ಇಲ್ಲ. ಮನೆ ಹೆಸರು ಒಂದೇ ಎಂದು ತಿಳಿದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ಕೂತಿರುವ ಗೌಡರಲ್ಲೂ ಬಳಿ, ಅಂದರೆ ಕುಲ, ನೋಡದೆ ಹೆಣ್ಣು ತರುವವರಿಲ್ಲ. ತಮಗೆ ಇಷ್ಟು ಕಟ್ಟುನಿಟ್ಟಾದ ಕಟ್ಟಳೆ ಮಾಡಿಕೊಂಡ ಜನ ಹಂದಿ ಗೂಡಿನಲ್ಲಿ ಮಾಡುವುದೇನು? ಒಂದು ಸೂಲಿನಲ್ಲಿ ಚೆನ್ನಾಗಿ ಬಂದ ಗಂಡನ್ನು ಬೀಜಕ್ಕೆ ಉಳಿಸಿಕೊಳ್ಳುವುದು, ಅದನ್ನೇ ಅದರ ತಂಗಿಗೆ, ಆಮೇಲೆ ತಾಯಿಗೆ, ಆಮೇಲೆ ಮಗಳಿಗೆ ಕೂಡಿಸುವುದು. ಅಣ್ಣ ತಂಗಿ ಕೂಡಿ ಹುಟ್ಟಿದ ಮರಿಯಲ್ಲಿ, ಯಾವುದೇ ವಂಶವಾಹಿಯ ಎರಡೂ ಪ್ರತಿಗಳು ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಅಪ್ಪ ಮಗಳು ಕೂಡಿದರೂ ಅಷ್ಟೇ. ಮೂರು ನಾಲ್ಕು ತಲೆಮಾರು ಹೀಗೇ ಹೋದರೆ ಗೂಡಿನಲ್ಲಿ ಎಂಟು ಹಂದಿಗಳಿದ್ದರೂ ಜರಡಿಯ ಲೆಕ್ಕದಲ್ಲಿ ಇರುವುದು ಒಂದೂವರೆ ಹಂದಿ. ಊರಿಗೆಲ್ಲ ಒಂದೇ ಬೀಜದ ಹಂದಿ ಇರುವ ಕಡೆಯಂತೂ ಹತ್ತು ಮನೆಯ ಮರಿಗಳೂ ಒಬ್ಬನ ಮಕ್ಕಳೇ. ನಿಮ್ಮ ನೆಂಟಸ್ತಿಕೆ ಬೆಳೆಯಲಿ ಎಂದು ಹಾರೈಸುತ್ತೇನೆ, ಹಂದಿಗಳ ಮೂಲಕ ಬೇಡ.

ಹಾಗಾದರೆ ಗುರುತು ಹಿಡಿದ ಮೇಲೆ ಜೋರಾಗಿ ಹೊಡೆಯುವ ಹಂದಿಯನ್ನೇ ಆರಿಸಬಹುದಲ್ಲ ಎಂದು ಒಬ್ಬ ಹುಡುಗ ಕೇಳಿದ. ಬುದ್ಧಿವಂತ ಪ್ರಶ್ನೆ. ಕೆನಡಾದ ಗ್ವೆಲ್ಫ್‌ನಲ್ಲಿ ಅದನ್ನೇ ಮಾಡಿ ನೋಡಿದ್ದಾರೆ. ಯಾರ್ಕ್‌ಷೈರ್ ಹಂದಿಗಳಲ್ಲಿ ರೋಗನಿರೋಧಕ ಪ್ರತಿಕ್ರಿಯೆ ಜೋರಾಗಿರುವವನ್ನು ಒಂದು ಸಾಲಿಗೆ, ಮಂದವಾಗಿರುವವನ್ನು ಇನ್ನೊಂದು ಸಾಲಿಗೆ ಹಾಕಿ ಹಲವು ತಲೆಮಾರು ಬೆಳೆಸಿದರು. ಗುಣ ಮಕ್ಕಳಿಗೆ ಇಳಿಯಿತು. ಜೋರಿನ ಸಾಲಿನವು ಬೇಗ ಬೆಳೆದು ಮಾರಾಟದ ತೂಕಕ್ಕೂ ಬೇಗ ಬಂದವು. ಅಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ಎರಡೂ ಸಾಲಿಗೆ ತಾಗಿಸಿದಾಗ, ಜೋರಿನ ಸಾಲಿನ ಹಂದಿಗಳಿಗೆ ಕೀಲು ಊತ ಹೆಚ್ಚಾಗಿ ಬಂತು. ರೋಗದ ಮೇಲೆ ಎಸೆದ ಕಲ್ಲು ತನ್ನ ಕಾಲಿನ ಮೇಲೆಯೇ ಬಿತ್ತು. ಒಲೆಯ ಬೆಂಕಿ ಹೆಚ್ಚಾದರೆ ಕಡಂಬುಟ್ಟು ಬೇಗ ಬೇಯುತ್ತದೆ ನಿಜ, ಪಾತ್ರೆಯ ತಳವೂ ಹತ್ತುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಯಾವ ವಂಶವಾಹಿಯೂ ಕೈಹಿಡಿಯದ ರೋಗಕ್ಕೆ ಬರಬೇಕು. ಆಫ್ರಿಕನ್ ಹಂದಿ ಜ್ವರ. ಹೆಸರಿನಲ್ಲಿ ಜ್ವರ ಎಂದಿದ್ದರೂ ನಮ್ಮ ಹಳೆಯ ಹಂದಿ ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೆ ಲಸಿಕೆಯಿದೆ, ಇದಕ್ಕೆ ನಿಮ್ಮ ಕೈಗೆ ಸಿಗುವ ಲಸಿಕೆಯಿಲ್ಲ. 1921ರಲ್ಲಿ ಕೀನ್ಯಾದಿಂದ ಇದರ ಮೊದಲ ವರದಿ ಬಂತು. ಅಲ್ಲಿನ ಗಂಟುಮೋರೆಯ ಕಾಡುಹಂದಿಗೆ, ಅಂದರೆ ವಾರ್ಟ್‌ಹಾಗ್‌ಗೆ, ಈ ವೈರಸ್ ಹೊಕ್ಕರೂ ಏನೂ ಆಗುವುದಿಲ್ಲ. ಉಣ್ಣಿಯೂ ಅದೂ ವೈರಸ್ಸೂ ಒಂದೇ ಬಿಲದಲ್ಲಿ ಬಾಳುತ್ತವೆ. ಬಿಳಿಯರು ತಂದ ಸಾಕು ಹಂದಿಗಳು ಮಾತ್ರ ಸಾಲುಸಾಲಾಗಿ ಸತ್ತವು. 2007ರಲ್ಲಿ ಜಾರ್ಜಿಯಾಕ್ಕೆ, 2018ರಲ್ಲಿ ಚೀನಾಕ್ಕೆ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲಕ್ಕೆ ಬಂತು. 2022ರ ಜುಲೈನಲ್ಲಿ ವಯನಾಡಿನ ಮಾನಂದವಾಡಿಯಲ್ಲಿ ಕಾಣಿಸಿತು. ಕೊಡಗಿನ ಗಡಿಯ ಕುಟ್ಟದವರಿಗೆ ಮಾನಂದವಾಡಿ ಎಷ್ಟು ದೂರ ಎಂದು ನಾನು ಹೇಳಬೇಕಾಗಿಲ್ಲ.

ವಾರ್ಟ್‌ಹಾಗ್ ಏಕೆ ಸಾಯುವುದಿಲ್ಲ? ವಿಜ್ಞಾನಿಗಳಿಗೆ ಒಂದು ಸುಳಿವು ಸಿಕ್ಕಿತು. ರೋಗನಿರೋಧಕ ವ್ಯವಸ್ಥೆಯ ಗಂಟೆ ಬಾರಿಸುವ ರೆಲ್‌ಎ ಎಂಬ ಪ್ರೋಟೀನಿನಲ್ಲಿ ವಾರ್ಟ್‌ಹಾಗ್‌ಗೂ ಸಾಕು ಹಂದಿಗೂ ಮೂರು ಮಣಿಗಳ ವ್ಯತ್ಯಾಸವಿತ್ತು. ಸಾಕು ಹಂದಿ ಗಂಟೆಯನ್ನು ಅತಿಯಾಗಿ ಬಾರಿಸಿ ತಾನೇ ಸಾಯುತ್ತಿರಬಹುದು ಎಂಬ ಊಹೆ. ಸಾಕು ಹಂದಿಯ ವಂಶವಾಹಿಯನ್ನು ತಿದ್ದಿ ಆ ಮೂರು ಮಣಿಗಳನ್ನೂ ವಾರ್ಟ್‌ಹಾಗ್‌ನಂತೆ ಮಾಡಿದರು. ಎಷ್ಟು ಚೆಂದದ ಕೆಲಸ! ವೈರಸ್ ತಾಗಿಸಿದರು. 2020ರಲ್ಲಿ ಫಲಿತಾಂಶ ಬಂತು, ತಿದ್ದಿದ ಹಂದಿಗಳೂ ತಡೆದುಕೊಳ್ಳಲಿಲ್ಲ. ಪಿಆರ್‌ಆರ್‌ಎಸ್‌ಗೆ ಬಾಗಿಲು ಮುಚ್ಚಿದ ಸಿಡಿ163 ಹಂದಿಗಳನ್ನೂ ಪರೀಕ್ಷಿಸಿದ್ದಾಗಿದೆ, ಅವೂ ಉಳಿಯಲಿಲ್ಲ. ಇದು ನೂರೈವತ್ತಕ್ಕೂ ಹೆಚ್ಚು ವಂಶವಾಹಿಗಳ ದೊಡ್ಡ ವೈರಸ್. ಅದರ ಬಳಿ ಕೀಲಿಗೊಂಚಲೇ ಇದೆ. ಬಹುಕಾಲ ಅದರ ಜೊತೆ ಬಾಳಿ ವಾರ್ಟ್‌ಹಾಗ್ ಗಳಿಸಿದ್ದನ್ನು ಮೂರು ಮಣಿ ಬದಲಿಸಿ ಪಡೆಯಲು ಆಗಲಿಲ್ಲ.

ಇಲ್ಲಿ ಇನ್ನೊಂದು ತಪ್ಪು ನಂಬಿಕೆ ಇದೆ. ನಮ್ಮ ಕಾಡುಹಂದಿ ಗಟ್ಟಿ, ಅದಕ್ಕೇನೂ ಆಗುವುದಿಲ್ಲ, ಅದರ ರಕ್ತ ಸೇರಿಸಿದರೆ ಮರಿಗಳೂ ಗಟ್ಟಿಯಾಗುತ್ತವೆ ಎಂದು. ನಮ್ಮ ತೋಟಕ್ಕೆ ನುಗ್ಗುವ ಕಾಡುಹಂದಿ ಆಫ್ರಿಕದ ವಾರ್ಟ್‌ಹಾಗ್ ಅಲ್ಲ. ಅದೂ ಗೂಡಿನ ಹಂದಿಯೂ ಒಂದೇ ಜಾತಿ. ಸುಮಾರು ಒಂಬತ್ತು ಹತ್ತು ಸಾವಿರ ವರ್ಷಗಳ ಹಿಂದೆ ಇಂಥ ಕಾಡುಹಂದಿಯನ್ನೇ ಅನಟೋಲಿಯಾದಲ್ಲಿ ಒಮ್ಮೆ, ಚೀನಾದಲ್ಲಿ ಬೇರೆಯಾಗಿ ಒಮ್ಮೆ, ಮನುಷ್ಯ ಪಳಗಿಸಿದ. ಆಫ್ರಿಕನ್ ಜ್ವರಕ್ಕೆ ಎರಡೂ ಒಂದೇ ರೀತಿ ಸಾಯುತ್ತವೆ. ಕಾಡುಹಂದಿಯ ಮಾಂಸ ಯಾರ ಮನೆಗೆ ಹೇಗೆ ಬಂತೆಂದು ಕೇಳುವುದು ಅರಣ್ಯ ಇಲಾಖೆಯ ಕೆಲಸ, ನನ್ನದಲ್ಲ. ಆದರೆ ಯಾವ ಹಂದಿ ಮಾಂಸವನ್ನು ತೊಳೆದ ನೀರೂ ನಿಮ್ಮ ಗೂಡಿಗೆ ಹೋಗಬಾರದು. ಹೋಟೆಲ್, ಹೋಂಸ್ಟೇಗಳಿಂದ ಮುಸುರೆ ತರುವವರು ಅದನ್ನು ಕದಡುತ್ತ, 90 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಕುದಿಸಿಯೇ ಹಾಕಬೇಕು. ಬಿಸಿ ಮಾಡಿದೆ ಎಂದು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಗಡಿಯಾರ ನೋಡಿ ಕುದಿಸುವವರನ್ನು ಕಡಿಮೆ. ಮೂರು ಲಕ್ಷ ಕೊಟ್ಟು ಕಾರು ಕೊಳ್ಳುವಾಗ ಹತ್ತು ಬಾರಿ ಯೋಚಿಸುವ ಜನ, ಮೂರು ಲಕ್ಷದ ಹಂದಿಗಳ ಬಾಯಿಗೆ ಯಾರ ತಟ್ಟೆಯ ಎಂಜಲು ಬಿತ್ತೆಂದು ಕೇಳುವುದಿಲ್ಲ.

ಈಗ ಮತ್ತೆ ಅಮ್ಮನ ಪ್ರಶ್ನೆಗೆ. ಅವರ ಹಂದಿಯ ರಕ್ತ ತೆಗೆದು ಎಸ್‌ಎಲ್‌ಎ ಬರೆಸಿಕೊಂಡು ಬನ್ನಿ ಎಂದು ನಾನು ಹೇಳಲಾರೆ. ಆದರೆ ವಂಶವಾಹಿಯ ಹೆಸರೇ ಗೊತ್ತಿಲ್ಲದ ಕಾಲದಲ್ಲೂ ತಳಿಗಾರರು ಒಳ್ಳೆಯ ಹಂದಿ ಆರಿಸಿದ್ದಾರೆ, ಅವರ ಬಳಿ ಇದ್ದದ್ದು ಪುಸ್ತಕ. ಯಾವ ಗಂಡು, ಯಾವ ಹೆಣ್ಣು, ಎಷ್ಟು ಮರಿ ಹುಟ್ಟಿದವು, ಹಾಲು ಬಿಡಿಸುವ ಹೊತ್ತಿಗೆ ಎಷ್ಟು ಉಳಿದವು, ಸತ್ತವು ಯಾವಾಗ ಹೇಗೆ ಸತ್ತವು. ಒಂದೇ ಗಂಡಿನ ಮರಿಗಳು ನಾಲ್ಕು ಮನೆಗಳಲ್ಲೂ ಹಾಲು ಬಿಟ್ಟ ಮೇಲೆ ರೆಪ್ಪೆ ಊದಿ ಸತ್ತರೆ ಆ ಗಂಡಿನ ಬಗ್ಗೆ ನಿಮಗೆ ತಿಳಿಯುತ್ತದೆ, ಪ್ರಯೋಗಾಲಯ ಬೇಡ. ಕೊಡಗಿನ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆಯ ಲೆಕ್ಕ ಇಟ್ಟಿದ್ದಾರೆ. ಬೆಳಿಗ್ಗೆ ಎದ್ದು ಮಳೆ ಮಾಪಕ ನೋಡಿ, ಇಂಚು ಸೆಂಟು ಬರೆದು, ನೆರೆಮನೆಗೆ ಫೋನು ಮಾಡಿ ನಿಮಗೆಷ್ಟು ಬಂತು ಎಂದು ಕೇಳದಿದ್ದರೆ ಕೆಲವರಿಗೆ ಕಾಫಿ ಇಳಿಯುವುದಿಲ್ಲ. ನೀವು ಬರೆದರೂ ಬರೆಯದಿದ್ದರೂ ಮಳೆ ಬರುತ್ತದೆ. ಹಂದಿಯದ್ದನ್ನು ಬರೆದರೆ ಮುಂದಿನ ಸೂಲು ಬದಲಾಗುತ್ತದೆ.

ಭಾಷಣ ಇಷ್ಟೇ. ಆಮೇಲೆ ಕಾಫಿ ಕುಡಿಯುವಾಗ ನಾನೇ ಅಮ್ಮನ ಬಳಿ ಹೋಗಿ ಕುಳಿತೆ. ಏಳು ಹಂದಿಗಳು ಎಷ್ಟು ದಿನದಲ್ಲಿ ಸತ್ತವು, ಆ ಒಂದಕ್ಕೆ ಜ್ವರ ಬಂದು ಇಳಿಯಿತೇ ಅಥವಾ ಬರಲೇ ಇಲ್ಲವೇ, ಮೇವು ಬಿಟ್ಟಿತ್ತೇ ಎಂದೆಲ್ಲ ಕೇಳಿದೆ. ಅವರು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಜ್ವರ ಬಂದ ಹಾಗೆ ನಾನು ನೋಡಲಿಲ್ಲ" ಎಂದರು. "ಅದು ಆಗ ಗೂಡಿನಲ್ಲೇ ಇರಲಿಲ್ಲವಲ್ಲ ಡಾಕ್ಟರೇ. ಮೊದಲನೆಯದು ಸಾಯುವುದಕ್ಕೆ ವಾರ ಮುಂಚೆಯೇ ಹಲಗೆ ಮುರಿದು ತೋಟದೊಳಗೆ ಹೋಗಿತ್ತು. ತಿಂಗಳು ಬಿಟ್ಟು, ನಾವು ಗೂಡಿಗೆಲ್ಲ ಸುಣ್ಣ ಬಳಿದ ಮೇಲೆ, ತಾನೇ ಬಂತು."

ಪಕ್ಕದಲ್ಲಿದ್ದವರು ನಕ್ಕರು. ಅಮ್ಮನೂ ನಕ್ಕರು. ಹಾಗಾದರೆ ಇಟ್ಟುಕೊಳ್ಳಬಾರದೇ ಎಂದು ಮತ್ತೆ ಕೇಳಿದರು. ಎಷ್ಟು ಮರಿ ಹಾಕಿದೆ ಎಂದೆ. ಒಂಬತ್ತು ಹಾಕಿ ಎಂಟನ್ನು ಸಾಕಿದೆ ಎಂದರು. ಇಟ್ಟುಕೊಳ್ಳಿ, ಗಂಡನ್ನು ಮಾತ್ರ ಹೊಳೆಯ ಆಚೆಯಿಂದ ತನ್ನಿ, ಗೂಡಿನ ಹಲಗೆ ಗಟ್ಟಿ ಮಾಡಿಸಿ ಎಂದೆ. ಹಲಗೆ ಮಾಡಿಸಿಯಾಗಿದೆ ಎಂದರು.